ಕಾಸಿನ ಪಟ್ಟಿ ಪೆಟ್ಟಿಗೆಯಲ್ಲೇ ಇರಲಿ

"ಮೇಡಂ, ಇನ್ನು ಮೂರು ವಾರ ಇದೆ. ಒಂದೇ ಹಾಡು. ಸೊಂಟ ಕುಣಿಸೋದು ಅಷ್ಟೇ ಅಲ್ವಾ, ಬೇಗ ಬರುತ್ತೆ ಅಂದ್ಕೊಂಡಿದೀವಿ."

ಮದುವೆ ಸೀಸನ್ ಶುರುವಾಯಿತೆಂದರೆ ವಾರಕ್ಕೊಂದಾದರೂ ಇಂಥ ಫೋನು ಬರುತ್ತದೆ. ಗೆಳತಿಯ ಮದುವೆಯ ಹಿಂದಿನ ದಿನ ಸಂಗೀತ್ ಇರುತ್ತದೆ, ಐದಾರು ಹುಡುಗಿಯರು ಸೇರಿ ಒಂದು ಬೆಲ್ಲಿ ಡ್ಯಾನ್ಸ್ ಮಾಡಬೇಕೆಂದು ಆಸೆಪಟ್ಟಿರುತ್ತಾರೆ. ಫೋನಿನ ಆ ಕಡೆ ನಗು, ಗದ್ದಲ. ಈ ಕಡೆ ನಾನು. ಹನ್ನೊಂದು ವರ್ಷದಿಂದ ಈ ನೃತ್ಯ ಹೇಳಿಕೊಡುತ್ತಿದ್ದೇನೆ. ಆದರೂ ಆ "ಅಷ್ಟೇ ಅಲ್ವಾ" ಕಿವಿಗೆ ಬಿದ್ದಾಗಲೆಲ್ಲ ಒಂದು ಕ್ಷಣ ಮಾತು ನಿಲ್ಲುತ್ತದೆ. ಕಷ್ಟ ಎಂದರೆ ಅವರು ಬರುವುದಿಲ್ಲ. ಸುಲಭ ಎಂದರೆ ಅದು ಸುಳ್ಳು.

ನನ್ನ ಕ್ಲಾಸು ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿದೆ. ಒಂದು ಗೋಡೆಗೆ ಪೂರ್ತಿ ಕನ್ನಡಿ, ಇನ್ನೊಂದು ಗೋಡೆಗೆ ಚಪ್ಪಲಿ ಸ್ಟ್ಯಾಂಡು, ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಆ ಪೆಟ್ಟಿಗೆಯೊಳಗೆ ಕಾಸಿನ ಪಟ್ಟಿಗಳಿವೆ. ತೆಳು ಬಟ್ಟೆಗೆ ಸಾಲು ಸಾಲಾಗಿ ತಗಡಿನ ಕಾಸು ಹೊಲಿದು, ಸೊಂಟಕ್ಕೆ ಕಟ್ಟಿಕೊಳ್ಳುವಂತೆ ಮಾಡಿರುವ ಪಟ್ಟಿ. ಹೊಸಬರು ಒಳಗೆ ಬಂದವರೇ ಕೇಳುವುದು ಅದನ್ನೇ. "ಬೆಲ್ಟ್ ಯಾವಾಗ ಕೊಡ್ತೀರಾ ಮೇಡಂ?"

ಹೊಸಬರಲ್ಲಿ ಎಷ್ಟೋ ಬಗೆ. ಹೊಟ್ಟೆ ಕರಗುತ್ತದೆ ಎಂದು ಬರುವವರಿದ್ದಾರೆ. ಹೆರಿಗೆಯಾಗಿ ಒಂದೆರಡು ವರ್ಷವಾಗಿ, ತಮ್ಮ ದೇಹ ತಮಗೇ ಗುರುತು ಸಿಗುತ್ತಿಲ್ಲ ಎಂದು ಬರುವವರಿದ್ದಾರೆ. ಸಿನಿಮಾ ಹಾಡು ನೋಡಿ ಬರುವವರು ತುಂಬ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಹಾಡಿನಲ್ಲಿ ಎರಡು ಸೆಕೆಂಡು ಸೊಂಟ ಕಾಣುತ್ತದೆ, ಮರುಗಳಿಗೆ ಮುಖ, ಆಮೇಲೆ ಕೂದಲು, ಆಮೇಲೆ ಸುತ್ತ ನಿಂತವರ ಕಣ್ಣು. ಆ ಎರಡು ಸೆಕೆಂಡಿನ ಹಿಂದೆ ಎಷ್ಟು ವರ್ಷದ ಬೆವರಿದೆ ಎಂಬುದು ಕಾಣುವ ಹಾಗೆ ಅದನ್ನು ಜೋಡಿಸಿರುವುದಿಲ್ಲ. ನೋಡುವವರಿಗೆ ಸಲೀಸಾಗಿ ಕಾಣಲಿ ಎಂದೇ ಕಲಾವಿದೆ ಅಷ್ಟು ದುಡಿದಿರುತ್ತಾಳೆ. ಸಲೀಸು ಎಂದು ನಂಬಿದವರದ್ದು ತಪ್ಪೆನ್ನುವುದು ಹೇಗೆ?

ಅಮ್ಮ ಒಲೆಯ ಮುಂದೆ ಕೂತು ರಾಗಿಮುದ್ದೆ ತೊಳಸುವುದನ್ನು ಚಿಕ್ಕಂದಿನಲ್ಲಿ ನೋಡುತ್ತಿದ್ದೆ. ಕೋಲು ತಿರುಗಿದ ಹಾಗೆ ಹಿಟ್ಟು ತಾನೇ ಒಂದಾಗುತ್ತದೆ ಎಂದುಕೊಂಡಿದ್ದೆ. ಮೊದಲ ಸಲ ನನ್ನ ಕೈಗೆ ಕೋಲು ಬಂದ ದಿನ ಮುದ್ದೆಯ ತುಂಬ ಗಂಟು. ಅಮ್ಮನ ರಟ್ಟೆಯಲ್ಲಿ ಇಪ್ಪತ್ತು ವರ್ಷ ಕೂತಿದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಾನೂ ಹೀಗೇ ಬಂದವಳು. ಏಳನೇ ವಯಸ್ಸಿನಿಂದ ಭರತನಾಟ್ಯ ಕಲಿತು, ಸೀನಿಯರ್ ಪರೀಕ್ಷೆ ಮುಗಿಸಿದ್ದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಈ ಕ್ಲಾಸಿಗೆ ಸೇರಿದಾಗ ಒಂದು ತಿಂಗಳಲ್ಲಿ ಹಿಡಿದುಬಿಡುತ್ತೇನೆ ಎಂಬ ಧೈರ್ಯ. ತಾಳ ಗೊತ್ತು, ಕನ್ನಡಿಯ ಮುಂದೆ ನಿಂತು ಅಭ್ಯಾಸ, ಕಾಲಲ್ಲಿ ಬಲ ಇದೆ. ಇನ್ನೇನು ಬೇಕು?

ಕೈರೋದಲ್ಲಿ ಕಲಿತು ಬಂದಿದ್ದ ನನ್ನ ಟೀಚರ್ ಮೊದಲ ದಿನ ನನ್ನನ್ನು ನಿಲ್ಲಿಸಿದರು. ಸುಮ್ಮನೆ ನಿಲ್ಲಿಸಿದರು, ಅಷ್ಟೇ. ಕಾಲು ತಾನಾಗಿ ಅರಮಂಡಿಗೆ ಹೋಯಿತು, ಪಾದ ಹೊರಗೆ ತಿರುಗಿತು. ಅವರು ಬಗ್ಗಿ ನನ್ನ ಪಾದಗಳನ್ನು ಕೈಯಲ್ಲಿ ಹಿಡಿದು ನೇರ ಮಾಡಿದರು. "ಈಗ ಬಲಗಡೆ ಸೊಂಟ ಮಾತ್ರ ಮೇಲೆತ್ತು" ಎಂದರು. ಎತ್ತಿದೆ. ಸೊಂಟದ ಜೊತೆ ಭುಜ ಬಂತು, ಭುಜದ ಜೊತೆ ಕತ್ತು ಬಂತು. ಹದಿನೇಳು ವರ್ಷ ನಡುವನ್ನು ಅಲುಗಿಸದೆ ಹಿಡಿದಿಡುವುದನ್ನೇ ಕಲಿತಿದ್ದ ದೇಹ ಅದು. ಅಡವು ಮಾಡುವಾಗ ಸೊಂಟ ಆಚೀಚೆ ಹೋದರೆ ನಮ್ಮ ಗುರುಗಳು ತಟ್ಟುಕೋಲು ನಿಲ್ಲಿಸಿಬಿಡುತ್ತಿದ್ದರು. ಇಲ್ಲಿ ಸೊಂಟವೇ ಮಾತಾಡಬೇಕು, ಉಳಿದದ್ದು ಸುಮ್ಮನಿರಬೇಕು. ಅಲ್ಲಿ ಪಾದ ನೆಲಕ್ಕೆ ಬಡಿದು ತಾಳ ಹೇಳಬೇಕು. ಇಲ್ಲಿ ಪಾದದ ಸದ್ದು ಕೇಳಬಾರದು. "ನಿನ್ನ ಕಾಲು ತುಂಬ ಮಾತಾಡ್ತಿದೆ" ಎಂದು ಟೀಚರ್ ಮೆಲ್ಲಗೆ ಹೇಳುತ್ತಿದ್ದರು.

ಭುಜ ಅಲುಗದ ಹಾಗೆ ಬಲ ಸೊಂಟವನ್ನು ಕೆಳಗೆ ಬಿಡುವುದಕ್ಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳಲ್ಲಿ ಅವರು ಒಂದು ಸಲವೂ "ನೋಡಿದೆಯಾ, ಎಷ್ಟು ಕಷ್ಟ" ಎನ್ನಲಿಲ್ಲ. ಅವರು ನನಗೆ ಮಾಡಿದ ಅತಿ ದೊಡ್ಡ ಉಪಕಾರ ಅದು ಎಂದು ಈಗ ಅನ್ನಿಸುತ್ತದೆ. ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಮುಂದೆ ಆ ತಪ್ಪು ಮಾಡುತ್ತಿರಲಿಲ್ಲ.

ಕಲಿಸಲು ಶುರುಮಾಡಿದ ಮೂರನೇ ವರ್ಷ. ಹೊಸ ಬ್ಯಾಚಿನಲ್ಲಿ ಒಬ್ಬ ಹುಡುಗಿ ಇದ್ದಳು, ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದವಳು. ಎರಡನೇ ಕ್ಲಾಸಿನಲ್ಲೇ ಬೇಸರವಾಗಿ, "ಮೇಡಂ, ಇದೆಲ್ಲ ವೀಡಿಯೋ ನೋಡಿ ಮನೇಲೇ ಮಾಡ್ತೀನಿ, ಏನಾದ್ರೂ ಹೊಸದು ಹೇಳ್ಕೊಡಿ" ಅಂದಳು. ಅವಳ ದನಿಯಲ್ಲಿ ಸೊಕ್ಕಿರಲಿಲ್ಲ. ನನ್ನೊಳಗೆ ಏನೋ ಉರಿಯಿತು. ಹಾಡು ಹಾಕಿದೆ. ಶಿಮ್ಮಿ ಬಿಡದೆ, ಅಂದರೆ ಸೊಂಟದ ನಡುಕ ನಿಲ್ಲಿಸದೆ, ಅದರ ಮೇಲೆ ಎಂಟರ ಆಕಾರ ಬರೆಯುತ್ತ, ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದೆ. "ಬಾ, ಇದನ್ನ ಮಾಡು" ಎಂದು ಎಲ್ಲರ ಮುಂದೆ ಕರೆದೆ. ಅವಳು ಬಂದಳು. ಮೂರು ಹೆಜ್ಜೆಗೆ ತಡವರಿಸಿ ನಿಂತಳು. ಉಳಿದವರು ನಕ್ಕರು. ಅವಳೂ ನಕ್ಕಳು. ಮುಂದಿನ ವಾರದಿಂದ ಬರಲಿಲ್ಲ.

ಆ ಹುಡುಗಿಗೆ ಒಳ್ಳೆಯ ಕಿವಿಯಿತ್ತು. ಹಾಡು ನಿಲ್ಲುವ ಜಾಗ ಅವಳಿಗೆ ಮೊದಲೇ ತಿಳಿಯುತ್ತಿತ್ತು. ಅಂಥವಳನ್ನು ನಾನು ಒಂದು ಸಂಜೆಯ ಕೋಪಕ್ಕೆ ಕಳೆದುಕೊಂಡೆ. ಈ ನೃತ್ಯ ಕಷ್ಟ ಎಂಬುದನ್ನು ಅವಳಿಗೆ ತೋರಿಸಿದೆ ಎಂದುಕೊಂಡಿದ್ದೆ. ನಾನು ತೋರಿಸಿದ್ದು ಅವಳಿಗೆ ಬರುವುದಿಲ್ಲ ಎಂಬುದನ್ನು ಮಾತ್ರ.

ಅದಾದ ಮೇಲೆ ಇನ್ನೊಂದು ದಿಕ್ಕಿಗೆ ವಾಲಿದೆ. ಯಾರೂ ಬಿಟ್ಟು ಹೋಗಬಾರದೆಂದು ಎಲ್ಲರಿಗೂ "ತುಂಬ ಈಸಿ, ಯಾರಿಗೆ ಬೇಕಾದ್ರೂ ಬರುತ್ತೆ" ಎನ್ನತೊಡಗಿದೆ. ಬಾಡಿಗೆ ಕಟ್ಟಬೇಕಿತ್ತು, ಅದೂ ನಿಜ. ಎರಡು ವರ್ಷ ಹೀಗೆ ನಡೆಯಿತು. ಅದರಿಂದ ಆದ ಹಾನಿ ನನಗೆ ತಡವಾಗಿ ಕಂಡಿತು. ನಾಲ್ಕನೇ ವಾರದ ಹೊತ್ತಿಗೆ ಒಬ್ಬೊಬ್ಬರೇ ಬಂದು ಮೆಲುದನಿಯಲ್ಲಿ ಹೇಳುತ್ತಿದ್ದರು, "ನನ್ನ ಬಾಡಿನೇ ಸರಿ ಇಲ್ಲ ಅನ್ಸುತ್ತೆ ಮೇಡಂ." ಈಸಿ ಎಂದು ಟೀಚರೇ ಹೇಳಿದ್ದು ತನಗೆ ಬರುತ್ತಿಲ್ಲವೆಂದರೆ ತನ್ನಲ್ಲೇ ಏನೋ ದೋಷವಿರಬೇಕು. ಪಾಪ, ಇನ್ನೇನು ಅಂದುಕೊಂಡಾರು? ದಪ್ಪ ಇದ್ದೇನೆ, ವಯಸ್ಸಾಯಿತು, ಸಿಸೇರಿಯನ್ ಆಗಿದೆ ಎಂದು ತಮ್ಮನ್ನೇ ಹಳಿದುಕೊಂಡು ಹೋದವರ ಲೆಕ್ಕ ನನ್ನ ಬಳಿ ಇಲ್ಲ. ಸಿಟ್ಟಿನ ಮಾತಿಗಿಂತ ಆ ಸಿಹಿ ಮಾತು ಹೆಚ್ಚು ಜನರನ್ನು ನೋಯಿಸಿತು.

ಈಗ ಮೊದಲ ದಿನ ಕಷ್ಟ, ಸುಲಭ ಎಂಬ ಎರಡೂ ಮಾತನ್ನು ಆಡುವುದಿಲ್ಲ. ಹಾಡೂ ಹಾಕುವುದಿಲ್ಲ. ನನ್ನ ಟೀಚರ್ ಹಾಗೆಯೇ ನಿಲ್ಲಿಸುತ್ತೇನೆ.

ಪಾದಗಳು ಸೊಂಟದಷ್ಟೇ ಅಗಲಕ್ಕೆ. ಮಂಡಿ ಸ್ವಲ್ಪ ಸಡಿಲ. ಬಾಲಮೂಳೆ ನೆಲ ನೋಡಬೇಕು. ಎದೆ ಎತ್ತಿರಬೇಕು, ಭುಜ ಇಳಿದಿರಬೇಕು. ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಹೆಚ್ಚಿನವರು ಮಂಡಿಯನ್ನು ಹಿಂದಕ್ಕೆ ಬಿಗಿದು ನಿಂತಿರುತ್ತಾರೆ. ಬಸ್‌ ಸ್ಟಾಪಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲ ಕಡೆ ನಾವು ನಿಲ್ಲುವುದೇ ಹಾಗೆ. ಮಂಡಿ ಬಿಗಿದರೆ ಸೊಂಟಕ್ಕೆ ಬೀಗ ಬಿದ್ದ ಹಾಗೆ. ಸಡಿಲ ಮಾಡಿ ಎಂದರೆ ಕೆಳಬೆನ್ನು ಬಳುಕಿ ಹಿಂದೆ ಹೋಗುತ್ತದೆ. ಅದನ್ನು ಅಲ್ಲೇ ತಿದ್ದಬೇಕು, ಬಿಟ್ಟರೆ ಎರಡು ವಾರಕ್ಕೆ ಬೆನ್ನುನೋವು ಶುರುವಾಗುತ್ತದೆ. (ಡಿಸ್ಕ್ ತೊಂದರೆ ಇದ್ದವರು, ಈಚೆಗೆ ಹೆರಿಗೆಯಾದವರು ಡಾಕ್ಟರನ್ನು ಕೇಳಿಯೇ ಬರಬೇಕೆಂದು ಸೇರುವ ಮೊದಲೇ ಹೇಳಿರುತ್ತೇನೆ.)

ಇಲ್ಲಿ ನಮ್ಮ ಭಾಷೆಯದ್ದೇ ಒಂದು ತೊಡಕಿದೆ. ಕನ್ನಡದಲ್ಲಿ ಸೊಂಟ ಎಂದರೆ ಡಾಬು ಕೂರುವ ಜಾಗವೂ ಹೌದು, ಬಿಂದಿಗೆ ಕೂರುವ ಜಾಗವೂ ಹೌದು. ಸೊಂಟ ಎತ್ತಿ ಎಂದರೆ ಅರ್ಧದಷ್ಟು ಜನ ಡಾಬಿನ ಜಾಗವನ್ನು ಬಾಗಿಸುತ್ತಾರೆ. ಅದಕ್ಕೇ ನಾನು ಬಿಂದಿಗೆಯ ಜಾಗ ಎಂದೇ ಹೇಳುತ್ತೇನೆ. ಒಂದು ಕೈಯನ್ನು ಕೊನೆಯ ಪಕ್ಕೆಲುಬಿನ ಮೇಲೆ, ಇನ್ನೊಂದು ಕೈಯನ್ನು ಸೊಂಟದ ಮೂಳೆಯ ಮೇಲೆ ಇಡಿಸುತ್ತೇನೆ. ನಡುವೆ ಎರಡು ಮೂರು ಬೆರಳಿನಷ್ಟು ಮೆತ್ತನೆಯ ಜಾಗ ಸಿಗುತ್ತದೆ. ಸೊಂಟದ ಮೂಳೆ ಮೇಲೆ ಬಂದರೆ ಆ ಜಾಗ ಮುಚ್ಚಬೇಕು, ಕೆಳಗೆ ಹೋದರೆ ತೆರೆಯಬೇಕು. ಮೇಲಿನ ಕೈ ಮಾತ್ರ ಇದ್ದಲ್ಲೇ ಇರಬೇಕು. ಮೇಲಿನ ಕೈ ಇಳಿದು ಜಾಗ ಮುಚ್ಚಿದರೆ ಪಕ್ಕೆಲುಬು ಕುಸಿದಿದೆ ಎಂದು ಅರ್ಥ, ಸೊಂಟ ಏನೂ ಮಾಡಿಲ್ಲ.

ಆಗ ನಾನು ಬಾಯಿ ಬಿಡಬೇಕಾಗಿಲ್ಲ. ಅವರ ಕೈಯೇ ಅವರಿಗೆ ಹೇಳುತ್ತದೆ. ಆ ಕ್ಷಣ ಕೋಣೆಯಲ್ಲಿ ಒಂದು ಬಗೆಯ ಮೌನ ಬರುತ್ತದೆ. ಇಷ್ಟು ವರ್ಷ ಜೊತೆಗಿದ್ದ ದೇಹ, ಆದರೂ ಒಂದು ಅಂಗುಲದಷ್ಟು ಜಾಗ ಹೇಳಿದ ಮಾತು ಕೇಳುತ್ತಿಲ್ಲ. ಯಾರೂ ಯಾರನ್ನೂ ನೋಡಿ ನಗುವುದಿಲ್ಲ, ಎಲ್ಲರೂ ತಮ್ಮ ಎರಡು ಕೈಗಳ ನಡುವೆ ಏನಾಗುತ್ತಿದೆ ಎಂದು ಹುಡುಕುತ್ತಿರುತ್ತಾರೆ. ಆ ಮೌನ ಬಂತೆಂದರೆ ನನ್ನ ಅರ್ಧ ಕೆಲಸ ಆಯಿತು.

ಕೊನೆಯ ಹತ್ತು ನಿಮಿಷ ಶಿಮ್ಮಿ. ಎರಡೂ ಪಾದ ನೆಲಕ್ಕೆ ಅಂಟಿರಬೇಕು. ಒಂದು ಮಂಡಿ ಬಾಗಿದಾಗ ಇನ್ನೊಂದು ನೇರ, ಒಂದರ ನಂತರ ಒಂದು. ಮೊದಲು ನಿಧಾನ, ಆಮೇಲೆ ಅದರ ಎರಡರಷ್ಟು, ಆಮೇಲೆ ಅದರ ಎರಡರಷ್ಟು. ಸೊಂಟವನ್ನು ಯಾರೂ ಅಲ್ಲಾಡಿಸುವುದಿಲ್ಲ, ತೊಡೆ ಕೆಲಸ ಮಾಡುತ್ತದೆ, ಸೊಂಟ ಅದರ ಜೊತೆ ನಡುಗುತ್ತದೆ. ಮೂರು ನಿಮಿಷ ನಿಲ್ಲಿಸದೆ ಮಾಡಬೇಕು. ನಲವತ್ತು ಸೆಕೆಂಡಿಗೆ ತೊಡೆಯಲ್ಲಿ ಬೆಂಕಿ. ಒಂದು ನಿಮಿಷಕ್ಕೆ ಉಸಿರು ಕಟ್ಟಿರುತ್ತದೆ, ಹಲ್ಲು ಕಚ್ಚಿರುತ್ತದೆ, ಹಿಮ್ಮಡಿ ಏಳತೊಡಗುತ್ತದೆ. ಹೊಸಬರು ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ವೇಗ ಹೆಚ್ಚಿದಷ್ಟೂ ಅದು ಒಡೆಯುತ್ತದೆ.

ಒಂದು ಸಂಜೆ ಇದನ್ನು ಮಾಡಿಸುತ್ತಿದ್ದಾಗ ಕೆಳಗೆ ಗಿರಣಿ ಶುರುವಾಯಿತು. ಯಾರೋ ರಾಗಿ ಹಾಕಿಸುತ್ತಿದ್ದರು. ನೆಲದ ಕಲ್ಲು ಅಂಗಾಲಿನ ಕೆಳಗೆ ಸಣ್ಣಗೆ, ಒಂದೇ ಸಮನೆ ನಡುಗತೊಡಗಿತು. "ಮಾತಾಡಬೇಡಿ, ಪಾದದಲ್ಲಿ ಕೇಳಿಸಿಕೊಳ್ಳಿ" ಎಂದೆ. ಎಂಟೂ ಜನ ನಿಂತು ಗಿರಣಿಯನ್ನು ಕಾಲಲ್ಲಿ ಕೇಳಿಸಿಕೊಂಡರು. ಅದಕ್ಕೆ ಅವಸರವಿಲ್ಲ, ದಣಿವಿಲ್ಲ, ಹೆಚ್ಚು ಕಡಿಮೆಯಿಲ್ಲ. ಅಂದಿನಿಂದ ನಮ್ಮ ಕ್ಲಾಸಿನಲ್ಲಿ ಶಿಮ್ಮಿ ಕೆಟ್ಟರೆ "ಗಿರಣಿ ನಿಂತುಹೋಯ್ತು" ಎನ್ನುತ್ತೇವೆ.

ಈಗ ಕಾಸಿನ ಪಟ್ಟಿಯ ಮಾತು. ಮೊದಲ ಎಂಟು ವಾರ ಅದನ್ನು ನಾನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದಿಲ್ಲ. ಜಿಪುಣತನ ಎಂದು ಕೆಲವರಿಗೆ ಅನ್ನಿಸಬಹುದು. ಆ ಪಟ್ಟಿ ಕಟ್ಟಿಕೊಂಡರೆ ಹೇಗೆ ಅಲ್ಲಾಡಿದರೂ ಸದ್ದು ಬರುತ್ತದೆ. ಭುಜದಿಂದ ಅಲ್ಲಾಡಿದರೂ ಝಲ್, ಹಿಮ್ಮಡಿ ಎತ್ತಿ ಹಾಕಿದರೂ ಝಲ್. ಸದ್ದು ಕೇಳಿದ ಕೂಡಲೇ ಬಂತು ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ, ದೇಹ ಅಲ್ಲಿಗೇ ಹುಡುಕುವುದನ್ನು ಬಿಡುತ್ತದೆ. ಕಲಿತವರ ಸೊಂಟದಲ್ಲಿ ಆ ಕಾಸುಗಳು ತಾಳ ಹೇಳುತ್ತವೆ. ಅದಕ್ಕಿಂತ ಹೆಚ್ಚಾಗಿ, ನಿಲ್ಲಬೇಕಾದಲ್ಲಿ ನಿಲ್ಲುತ್ತವೆ.

ಭರತನಾಟ್ಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೆಜ್ಜೆಪೂಜೆ ಆಗುವವರೆಗೆ ನಾವು ಗೆಜ್ಜೆ ಕಟ್ಟುವ ಹಾಗಿರಲಿಲ್ಲ. ಬರಿಗಾಲಲ್ಲಿ ತಟ್ಟಡವು, ನಾಟ್ಟಡವು ಹಾಕಿ ಹಾಕಿ ಪಾದಕ್ಕೆ ಲೆಕ್ಕ ಬಂದ ಮೇಲೆ ದೇವರ ಮುಂದಿಟ್ಟು ಪೂಜೆ ಮಾಡಿ ಗುರುಗಳು ಕೈಗೆ ಕೊಟ್ಟದ್ದು. ಈ ನೃತ್ಯದಲ್ಲಿ ಅಂಥ ಶಾಸ್ತ್ರವಿಲ್ಲ. ಎಂಟು ವಾರದ ಈ ಕಟ್ಟಳೆ ನಾನೇ ಮಾಡಿಕೊಂಡದ್ದು.

ಹುಟ್ಟಿದ ನೆಲದಲ್ಲಿ ಇದಕ್ಕೆ ಕ್ಲಾಸೇ ಬೇಕಿರಲಿಲ್ಲ ಎಂಬುದೂ ನಿಜ. ಈಜಿಪ್ಟಿನ ಹೆಣ್ಣುಮಕ್ಕಳು ಮದುವೆ ಮನೆಯಲ್ಲಿ, ಅಮ್ಮ ಅತ್ತೆಯರ ನಡುವೆ ಕುಣಿಯುತ್ತಲೇ ಇದನ್ನು ಮೈಗೂಡಿಸಿಕೊಂಡವರು. ಆ ಮನೆಯ ಕುಣಿತ ಬಲದಿ. ವೇದಿಕೆಯ ನೃತ್ಯಕ್ಕೆ ರಕ್ಸ್ ಶರ್ಕಿ ಎನ್ನುತ್ತಾರೆ, ಪೂರ್ವದ ನೃತ್ಯ ಎಂದು ಅರ್ಥ. ಅರಬ್ಬಿಯ ಆ ಹೆಸರಿನಲ್ಲಿ ಹೊಟ್ಟೆಯ ಮಾತೇ ಇಲ್ಲ. ಹೊಟ್ಟೆಯ ನೃತ್ಯ ಎಂಬ ಹೆಸರು ಫ್ರೆಂಚರಿಂದ ಬಂತು, 1893ರಲ್ಲಿ ಶಿಕಾಗೋದ ವಿಶ್ವ ಮೇಳದಲ್ಲಿ ಕೈರೋದ ಬೀದಿಯೊಂದನ್ನು ಕಟ್ಟಿ ಅದರಲ್ಲಿ ಇದನ್ನು ತೋರಿಸಿದ ಮೇಲೆ ಅಮೆರಿಕದ ಬಾಯಿಗೆ ಬಿತ್ತು. ಜನ ನೋಡಲು ಮುಗಿಬಿದ್ದದ್ದು ಹೊಟ್ಟೆಯನ್ನು. ಒಂದು ನೃತ್ಯಕ್ಕೆ ಅದನ್ನು ಆಡುವವರು ಇಟ್ಟ ಹೆಸರು ಹೋಗಿ, ಪಿಳಿಪಿಳಿ ನೋಡಿದವರು ಇಟ್ಟ ಹೆಸರು ಉಳಿಯಿತು. "ಸೊಂಟ ಕುಣಿಸೋದು ಅಷ್ಟೇ ಅಲ್ವಾ" ಎಂಬ ಮಾತಿನ ಬೇರು ಅಲ್ಲಿದೆ ಎಂದು ನನ್ನ ನಂಬಿಕೆ.

ಏಕೆಂದರೆ ಒಂದು ಕಲೆಯನ್ನು ಸುಲಭ ಎನ್ನುವುದಕ್ಕೂ ಅದನ್ನು ಮಾಡುವ ಹೆಂಗಸರನ್ನು ಹಗುರವಾಗಿ ಕಾಣುವುದಕ್ಕೂ ಹತ್ತಿರದ ನಂಟಿದೆ. 1834ರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ ಪಾಶಾ ಕೈರೋದಿಂದ ನರ್ತಕಿಯರನ್ನು ಹೊರಗಟ್ಟಿದ. ಗವಾಜಿ ಎಂದು ಕರೆಯುತ್ತಿದ್ದ ಆ ಬೀದಿಯ ಕಲಾವಿದೆಯರು ನೈಲ್ ನದಿಯ ಮೇಲ್ದಂಡೆಯ ಊರುಗಳಿಗೆ, ಎಸ್ನಾ ಕಡೆಗೆಲ್ಲ ಹೋಗಿ ನೆಲೆಸಬೇಕಾಯಿತು. ನಮ್ಮಲ್ಲಿ ದೇವದಾಸಿಯರ ಬಗ್ಗೆ ಆಡಿದ ಮಾತುಗಳನ್ನು ನೆನೆಸಿಕೊಂಡರೆ ಇದು ದೂರದ ಕಥೆ ಎನ್ನಿಸುವುದಿಲ್ಲ. ಅವರ ಕಲೆಯನ್ನು ಇಟ್ಟುಕೊಂಡು ಅವರನ್ನು ಮಾತ್ರ ಹೊರಗೆ ನಿಲ್ಲಿಸಿದವರು ನಾವು. ಅವರಿಗೆ ಏನೋ ಬರುತ್ತದೆ, ನಮಗೆ ಬರದ್ದು ಬರುತ್ತದೆ ಎಂದು ಒಪ್ಪಿಕೊಂಡರೆ ತಲೆಬಾಗಬೇಕಾಗುತ್ತದೆ. ಏನಿಲ್ಲ, ಬರೀ ಸೊಂಟ ಎಂದುಬಿಟ್ಟರೆ ಆ ತಾಪತ್ರಯವಿಲ್ಲ.

ಅದಕ್ಕೆ ನಾನು ಎರಡನೇ ವಾರದಲ್ಲಿ ಹೆಸರುಗಳನ್ನು ಹೇಳುತ್ತೇನೆ. 1926ರಲ್ಲಿ ಕೈರೋದಲ್ಲಿ ತನ್ನದೇ ರಂಗಶಾಲೆ ತೆರೆದ ಬದಿಯಾ ಮಸಾಬ್ನಿ. ಅಲ್ಲಿಂದ ಬೆಳೆದ ತಹಿಯಾ ಕಾರಿಯೊಕಾ ಮತ್ತು ಸಾಮಿಯಾ ಗಮಾಲ್. ಈಜಿಪ್ಟಿನ ಹೆಸರಾಂತ ಗಾಯಕಿ ಉಮ್ ಕುಲ್ಸುಮ್ ಹಾಡಿಗೆ ಹೆಜ್ಜೆ ಹಾಕುವ ಧೈರ್ಯ ಮಾಡಿದ ಸುಹೇರ್ ಝಕಿ. 1959ರಲ್ಲಿ ಜನಪದ ನೃತ್ಯಗಳನ್ನು ವೇದಿಕೆಗೆ ತಂದ ಮಹಮೂದ್ ರೆದಾ ತಂಡ, ಅದರ ಮುಂದಾಳು ನರ್ತಕಿ ಫರೀದಾ ಫಹ್ಮಿ. ತಹಿಯಾ ಅವರ ಒಂದು ಕಪ್ಪುಬಿಳುಪು ತುಣುಕನ್ನು ತೋರಿಸುತ್ತೇನೆ. ಕ್ಯಾಮೆರಾ ದೂರ ನಿಂತಿದೆ, ಮುಡಿಯಿಂದ ಅಡಿಯವರೆಗೂ ಅವರು ಕಾಣುತ್ತಾರೆ. ಅವರು ನಿಂತ ಜಾಗ ಬಿಟ್ಟು ಹೆಚ್ಚು ಕದಲುವುದೇ ಇಲ್ಲ. ಮೊದಲ ಸಲ ನೋಡಿದವರು "ಏನೂ ಮಾಡ್ತಿಲ್ವಲ್ಲ" ಎನ್ನುತ್ತಾರೆ. ಎಂಟು ವಾರದ ಮೇಲೆ ಅದೇ ತುಣುಕನ್ನು ಮತ್ತೆ ಹಾಕುತ್ತೇನೆ. ಆಗ ಯಾರೂ ಮಾತಾಡುವುದಿಲ್ಲ.

ಆ ಹೊತ್ತಿನಲ್ಲಿ ನನಗೆ ಮೈಸೂರಿನ ವೆಂಕಟಲಕ್ಷಮ್ಮನವರ ನೆನಪಾಗುತ್ತದೆ. ಜಟ್ಟಿ ತಾಯಮ್ಮನವರ ಶಿಷ್ಯೆ, ಅರಮನೆಯ ಆಸ್ಥಾನ ನರ್ತಕಿ, 1992ರಲ್ಲಿ ಪದ್ಮಭೂಷಣ ಪಡೆದವರು. ಇಳಿವಯಸ್ಸಿನಲ್ಲಿ ಕೂತಲ್ಲೇ ಅಭಿನಯ ಮಾಡಿ ತೋರಿಸುತ್ತಿದ್ದರು. ಹುಬ್ಬು ಒಂದು ಎಳೆಯಷ್ಟು ಏರಿದರೆ ಪದದ ಅರ್ಥವೇ ಬೇರೆಯಾಗುತ್ತಿತ್ತು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಕೈರೋ ಎಲ್ಲಿ, ಮೈಸೂರು ಎಲ್ಲಿ. ಆದರೆ ಕಡಿಮೆ ಮಾಡಿ ಹೆಚ್ಚು ಹೇಳುವುದು ಎರಡೂ ಕಡೆಯ ಹಿರಿಯರಿಗೆ ಗೊತ್ತಿತ್ತು.

ಸಂಗೀತದ ವಿಷಯ ಬಂದರೆ ನನಗೆ ನಿಲ್ಲಿಸಲು ಬರುವುದಿಲ್ಲ, ಆದರೂ ಒಂದಿಷ್ಟು ಹೇಳಲೇಬೇಕು. ಸೊಂಟ ಬಂದರೂ ಕಿವಿ ಬಾರದಿದ್ದರೆ ಈ ನೃತ್ಯ ಬಂದ ಹಾಗಲ್ಲ. ಮಕ್ಸೂಮ್ ಎಂಬ ತಾಳವಿದೆ: ದುಮ್ ತಕ್ – ತಕ್ ದುಮ್ – ತಕ್ –. ಗೆರೆ ಇರುವಲ್ಲಿ ಬಿಡುವು. ಎಂಟು ಎಣಿಕೆ, ನಮ್ಮ ಆದಿತಾಳದವರಿಗೆ ಕೂಡಲೇ ಕೈಗೆ ಸಿಗುತ್ತದೆ. ಎರಡನೆಯ ಎಣಿಕೆಯನ್ನು ತಕ್ ಬದಲು ದುಮ್ ಮಾಡಿ: ದುಮ್ ದುಮ್ – ತಕ್ ದುಮ್ – ತಕ್ –. ಅದು ಬಲದಿ ತಾಳ. ಮಕ್ಸೂಮಿನ ನಾಲ್ಕನೆಯ ಎಣಿಕೆಯನ್ನು ತಕ್ ಬದಲು ದುಮ್ ಮಾಡಿ: ದುಮ್ ತಕ್ – ದುಮ್ ದುಮ್ – ತಕ್ –. ಅದು ಸಯೀದಿ, ದಕ್ಷಿಣ ಈಜಿಪ್ಟಿನ ಮಣ್ಣಿನದ್ದು, ಕೋಲು ಹಿಡಿದು ಕುಣಿಯುವುದು ಇದಕ್ಕೆ. ಒಂದೇ ಒಂದು ಏಟು ಬದಲಾದರೆ ನಡಿಗೆಯ ಭಾರವೇ ಬದಲಾಗಬೇಕು. ಹಾಡಿನ ನಡುವೆ ತಾಳ ಪೂರ್ತಿ ನಿಂತು ನೆಯ್ ಕೊಳಲೋ ಕಾನೂನ್ ತಂತಿಯೋ ಒಂದೇ ಉಳಿದಾಗ, ನಮ್ಮ ಆಲಾಪನೆಯ ಹಾಗೆ, ಅದಕ್ಕೆ ತಕ್ಸೀಮ್ ಎನ್ನುತ್ತಾರೆ. ಅಲ್ಲಿ ಹಿಡಿದುಕೊಳ್ಳಲು ತಾಳವಿಲ್ಲ. ಮೊದಲೇ ಕಟ್ಟಿಟ್ಟ ಹೆಜ್ಜೆಗಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಸ್ವರ ಎಲ್ಲಿಗೆ ಹೋಗುತ್ತದೆಂದು ಕಾದು, ಅದು ಹೋದ ಮೇಲೆ ಅಷ್ಟೇ ಮೆಲ್ಲಗೆ ಹಿಂದೆ ಹೋಗಬೇಕು. ನಾನು ಹದಿನೇಳು ವರ್ಷದಿಂದ ಇದರೊಳಗಿದ್ದೇನೆ. ತಕ್ಸೀಮ್ ಬಂದಾಗ ಈಗಲೂ ಎದೆ ಡವಗುಟ್ಟುತ್ತದೆ.

ಮೂರು ವಾರದ ಆ ಹುಡುಗಿಯರಿಗೆ ಏನು ಹೇಳಿದೆ ಎಂದು ಬರೆಯದೆ ಬಿಟ್ಟರೆ ಆಗದು. "ಮೂರು ವಾರದಲ್ಲಿ ಮೂರು ವಿಷಯ ಕಲಿಸ್ತೀನಿ ಕಣ್ರಮ್ಮ. ಸರಿಯಾಗಿ ನಿಲ್ಲೋದು, ಸೊಂಟವನ್ನ ತಾಳಕ್ಕೆ ಬಿಡೋದು, ಕಾಲು ಸದ್ದಿಲ್ಲದೆ ನಡೆಯೋದು. ಅಷ್ಟರಲ್ಲೇ ನಿಮ್ಮ ಹಾಡು ಕಟ್ಟೋಣ. ಅದಕ್ಕಿಂತ ಹೆಚ್ಚು ಕಲಿಸ್ತೀನಿ ಅಂದ್ರೆ ನಿಮಗೆ ಮೋಸ ಮಾಡಿದ ಹಾಗೆ" ಎಂದೆ. ಒಂದು ಗಳಿಗೆ ಆ ಕಡೆ ಸುಮ್ಮನಾಯಿತು. ಆಮೇಲೆ ಬಂದರು. ದಿನ ಬಿಟ್ಟು ದಿನ ಬಂದು, ಎರಡೂವರೆ ನಿಮಿಷದ ಹಾಡಿಗೆ ಆ ಮೂರನ್ನೇ ಇಟ್ಟು ತುಂಬ ಶುದ್ಧವಾಗಿ ಮಾಡಿದರು. ಐವರಲ್ಲಿ ಒಬ್ಬಳು ಮದುವೆ ಮುಗಿದ ಮೇಲೂ ಬರುತ್ತಿದ್ದಾಳೆ.

ಅವಳಿರುವ ಬ್ಯಾಚಿನಲ್ಲೇ ಐವತ್ತೆರಡು ವರ್ಷದ ಒಬ್ಬರಿದ್ದಾರೆ. ಬ್ಯಾಂಕಿನಲ್ಲಿ ಕೆಲಸ, ತಿಪಟೂರು ಕಡೆಯವರು. ಮಗಳನ್ನು ಸೇರಿಸಲು ಬಂದು, ಮಗಳು ಬಿಟ್ಟ ಮೇಲೆ ತಾವು ಉಳಿದುಕೊಂಡವರು. ಮೊದಲ ದಿನ "ನಾವೇನ್ ಕುಣೀದೆ ಇರೋರಾ ಮೇಡಂ, ಊರಲ್ಲಿ ಎಷ್ಟು ಕೋಲಾಟ ಆಡಿದೀವಿ, ಇದೇನ್ ಮಹಾ" ಎಂದಿದ್ದರು. ಬಿಂದಿಗೆಯ ಜಾಗ ಎಂದು ನಾನು ಹೇಳಿದ ಕೂಡಲೇ ಎಡಗಡೆ ಸೊಂಟ ಎಷ್ಟು ಚೆನ್ನಾಗಿ ಎತ್ತಿದರೆಂದರೆ ನಾನು ನಿಂತು ನೋಡಿದೆ. ಭುಜ ಕದಲಲಿಲ್ಲ, ಕತ್ತು ಕದಲಲಿಲ್ಲ. ಹತ್ತು ಹನ್ನೆರಡು ವರ್ಷ ಕೆರೆಯಿಂದ ನೀರು ಹೊತ್ತ ಸೊಂಟ ಅದು. "ಅಕ್ಕಾ, ಈಗ ಬಲಗಡೆ" ಎಂದೆ. ಬಲಗಡೆ ಒಂದಿಷ್ಟೂ ಏಳಲಿಲ್ಲ. ಅವರು ಎರಡೂ ಕೈಯನ್ನು ಪಕ್ಕೆಯ ಮೇಲಿಟ್ಟುಕೊಂಡು ಕನ್ನಡಿಯಲ್ಲಿ ತಮ್ಮನ್ನು ತಾವೇ ಬಹಳ ಹೊತ್ತು ನೋಡಿದರು. "ಬಿಂದಿಗೆ ಯಾವಾಗ್ಲೂ ಈ ಕಡೆಗೇ ಇಟ್ಕೋತಿದ್ದೆ" ಎಂದರು.

ಅವತ್ತಿನಿಂದ ವಾರಕ್ಕೆರಡು ಸಲ ಹದಿನೈದು ನಿಮಿಷ ಮೊದಲೇ ಬಂದು, ಕಿಟಕಿಯ ಸರಳು ಹಿಡಿದುಕೊಂಡು ಬಲಗಡೆಯದ್ದನ್ನು ಒಬ್ಬರೇ ಮಾಡುತ್ತಿರುತ್ತಾರೆ.

ಹೋದ ಶನಿವಾರ ಎಂಟು ವಾರ ತುಂಬಿತು. ಪೆಟ್ಟಿಗೆ ತೆರೆದೆ. ಹುಡುಗಿಯರು ಮುಗಿಬಿದ್ದು ಕೆಂಪು, ನೀಲಿ, ಹಸಿರು ಆರಿಸಿಕೊಂಡು ಕಟ್ಟಿಕೊಂಡರು, ಕೋಣೆಯ ತುಂಬ ಝಲ್ಲೋ ಎಂದಿತು. ತಿಪಟೂರಿನ ಅಕ್ಕ ಒಂದು ಮರೂನ್ ಪಟ್ಟಿಯನ್ನು ಕೈಗೆತ್ತಿಕೊಂಡು, ಕಾಸುಗಳನ್ನು ಬೆರಳಲ್ಲಿ ಸವರಿ ನೋಡಿದರು. ಆಮೇಲೆ ಮಡಿಸಿ, ಸದ್ದಾಗದ ಹಾಗೆ ಪೆಟ್ಟಿಗೆಯಲ್ಲಿ ವಾಪಸ್ಸಿಟ್ಟರು.

"ಯಾಕಕ್ಕ, ಕಟ್ಕೊಳ್ಳಿ" ಎಂದೆ.

"ಇನ್ನೆರಡು ವಾರ ಇರ್ಲಿ ಮೇಡಂ" ಎಂದರು. "ಬಲಗಡೆ ಇನ್ನೂ ಬಂದಿಲ್ಲ."

ಹೋಗಿ ಕಿಟಕಿಯ ಪಕ್ಕದ ತಮ್ಮ ಜಾಗದಲ್ಲಿ ನಿಂತರು. ಮಂಡಿ ಸಡಿಲ ಮಾಡಿಕೊಂಡು, ಭುಜ ಇಳಿಸಿದರು. ನಾನು ಹಾಡು ಹಾಕಿದೆ.